ರಫ್ ವರ್ಕ್ ಜಾಗ ಖಾಲಿ ಇತ್ತು

ಆ ಭಾನುವಾರ ಹುಡುಗಿಗೆ ಆರುನೂರ ಹನ್ನೆರಡು ಬಂತು, ಏಳುನೂರ ಇಪ್ಪತ್ತಕ್ಕೆ. ನಂಬಿಕೆಯಾಗದೆ ಎರಡು ಸಲ ಎಣಿಸಿದೆ. ನಾನು ಎಣಿಸುವುದು ರಟ್ಟಿನಿಂದ. ಸರಿಯುತ್ತರದ ವೃತ್ತ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ದಬ್ಬಳದಿಂದ ತೂತು ಕೊರೆದು ಇಟ್ಟುಕೊಂಡಿರುತ್ತೇನೆ. ಮಕ್ಕಳು ತುಂಬಿದ ಉತ್ತರದ ಹಾಳೆಯ ಮೇಲೆ ಅದನ್ನಿಟ್ಟರೆ ತೂತಿನಲ್ಲಿ ಕಪ್ಪು ಕಂಡಷ್ಟೂ ಸರಿ. ಮೂರು ಗಂಟೆ ಬರೆದದ್ದನ್ನು ನಾಲ್ಕು ನಿಮಿಷದಲ್ಲಿ ತೀರ್ಮಾನ ಮಾಡಿಬಿಡಬಹುದು. ಆ ನಾಲ್ಕು ನಿಮಿಷದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಬಸವೇಶ್ವರನಗರದಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಪೋರ್ಷನ್ನಿನಲ್ಲಿ ನಾನು ಟ್ಯೂಷನ್ ಹೇಳುತ್ತೇನೆ. ಆ ವರ್ಷ ನೀಟ್ ಬರೆಯುವವರು ಹನ್ನೊಂದು ಜನ ಇದ್ದರು. ಟೆಸ್ಟ್ ವಿಷಯದಲ್ಲಿ ನನ್ನದು ಒಂದೇ ಹಟ. ಪರೀಕ್ಷೆ ನಡೆಸುವವರೇ ತಮ್ಮ ವೆಬ್‌ಸೈಟಿನಲ್ಲಿ ಹಾಕುವ ಹಳೆಯ ಪತ್ರಿಕೆ, ಅವರದೇ ಅಧಿಕೃತ ಉತ್ತರ, ಅಷ್ಟೇ. ದೊಡ್ಡ ಬೋರ್ಡು ಹಾಕಿಕೊಂಡ ಕೋಚಿಂಗ್‌ನವರು ಕೂತು ಹೆಣೆಯುವ ಪ್ರಶ್ನೆಗಳನ್ನು ನಾನು ಮುಟ್ಟುತ್ತಿರಲಿಲ್ಲ. "ಅವರು ಹೆದರಿಸೋಕೆ ಬರೀತಾರೆ ರೀ, ಪರೀಕ್ಷೆ ಮಾಡೋಕಲ್ಲ" ಎಂದು ತಂದೆತಾಯಿಯರ ಮುಂದೆ ಭಾಷಣ ಬಿಗಿಯುತ್ತಿದ್ದೆ.

ಪತ್ರಿಕೆ ಅಸಲಿಯಾದರೆ ಸಾಲದು, ವ್ಯವಸ್ಥೆಯೂ ಅಸಲಿಯಾಗಿರಬೇಕು. ಮಧ್ಯಾಹ್ನ ಎರಡರಿಂದ ಐದು. ವಾಚುಗಳೆಲ್ಲ ಸ್ಟೀಲ್ ಡಬ್ಬಿಗೆ, ಸಮಯ ನೋಡಲು ಗೋಡೆ ಗಡಿಯಾರ ಮಾತ್ರ. ಕಪ್ಪು ಬಾಲ್ ಪೆನ್ನು ನಾನೇ ಕೊಡುತ್ತಿದ್ದೆ. ಮಧ್ಯೆ ಯಾರಾದರೂ ಎದ್ದು ಬಾತ್‌ರೂಮಿಗೆ ಹೋದರೆ ಹೋದ ಸಮಯ ಹೋದದ್ದೇ. ಪಕ್ಕದ ಮನೆಯ ಮಿಕ್ಸಿ ಸದ್ದಿಗೆ ಒಬ್ಬ ಹುಡುಗ ಗೊಣಗಿದಾಗ, "ಅಲ್ಲಿ ನಿಮ್ಮಪ್ಪ ಬಂದು ಮಿಕ್ಸಿ ಆಫ್ ಮಾಡಿಸ್ತಾರೇನೋ? ಬರಿಯೋ ಸುಮ್ನೆ" ಎಂದು ಗದರಿದ್ದೆ.

ಆರುನೂರ ಹನ್ನೆರಡು ತೆಗೆದ ಹುಡುಗಿ ಬಾಗಲಕೋಟೆ ಕಡೆಯವಳು. ತಂದೆ ಸಿಟಿ ಬಸ್ಸಿನ ಕಂಡಕ್ಟರು, ಮೂಡಲಪಾಳ್ಯದಲ್ಲಿ ಬಾಡಿಗೆ ಮನೆ. ಹಿಂದಿನ ವರ್ಷದ ನೀಟ್‌ನಲ್ಲಿ ಅವಳಿಗೆ ಮುನ್ನೂರ ನಾಲ್ಕು ಬಂದಿತ್ತು. ಕೌನ್ಸೆಲಿಂಗ್‌ನಲ್ಲಿ ಬಿಎಸ್ಸಿ ನರ್ಸಿಂಗ್‌ಗೆ ಸರ್ಕಾರಿ ಕೋಟಾದ ಸೀಟು ಸಿಕ್ಕಿ ಕೆಂಗೇರಿ ಆಚೆಯ ಒಂದು ಕಾಲೇಜಿಗೆ ಸೇರಿದ್ದಳು. ಆದರೂ ಡಾಕ್ಟರಾಗುವ ಆಸೆ ಬಿಟ್ಟಿರಲಿಲ್ಲ. ಬೆಳಗ್ಗೆ ಆರಕ್ಕೆ ನನ್ನಲ್ಲಿ ಪಾಠ, ಎಂಟಕ್ಕೆ ಬಸ್ಸು ಹಿಡಿದು ಕಾಲೇಜು, ಭಾನುವಾರ ಟೆಸ್ಟು. ಅಕ್ಟೋಬರಿನಲ್ಲಿ ನಾನ್ನೂರ ಐವತ್ತು, ಡಿಸೆಂಬರಿನಲ್ಲಿ ಐನೂರ ನಲವತ್ತು, ಜನವರಿ ಕೊನೆಗೆ ಈ ಅಂಕ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ವಾರ ಅವಳ ತಂದೆಯನ್ನು ಕರೆಸಿದೆ. ಖಾಕಿ ಬಟ್ಟೆಯಲ್ಲೇ ಬಂದರು, ಕುರ್ಚಿಯ ತುದಿಯಲ್ಲಿ ಕೂತರು.

"ನೋಡಿ, ಇವಳಿಗೆ ಸಮಯ ಸಾಲ್ತಿಲ್ಲ. ಫೆಬ್ರವರಿಯಿಂದ ಆಸ್ಪತ್ರೆ ಡ್ಯೂಟಿ ಬೇರೆ ಹಾಕ್ತಾರಂತೆ. ಕಾಲೇಜು ಬಿಡಿಸಿ. ಇನ್ನು ಮೂರು ತಿಂಗಳು ಕೂತು ಓದ್ಲಿ. ಮೆಡಿಕಲ್ ಸೀಟು ಗ್ಯಾರಂಟಿ" ಎಂದೆ. ಗ್ಯಾರಂಟಿ ಎಂಬ ಮಾತು ನನ್ನ ಬಾಯಿಂದಲೇ ಬಂತು.

"ಕೈಯಾಗಿನ ಸೀಟು ಬಿಡ್ಸೂದಂದ್ರ ಎದಿ ಧಸಕ್ ಅಂತೈತ್ರಿ ಮೇಡಂ. ನಮ್ಮ ಮನಿತನದಾಗ ಕಾಲೇಜ್ ಮೆಟ್ಟಲಾ ಹತ್ತಿದಾಕಿ ಇಕಿ ಒಬ್ಬಾಕೀನ. ನರ್ಸ್ ಆದ್ರೂ ದೊಡ್ಡದ ಐತ್ರಿ ನಮಗ."

ಹುಡುಗಿಯೂ ತಲೆ ತಗ್ಗಿಸಿ, "ಬ್ಯಾಡ್ರಿ ಮೇಡಂ, ಎರಡೂ ಮಾಡ್ತೀನ್ರಿ" ಎಂದಳು.

"ಎರಡು ದೋಣಿ ಮೇಲೆ ಕಾಲಿಟ್ರೆ ಏನಾಗುತ್ತೆ ಗೊತ್ತಲ್ಲ? ಆರುನೂರ ಹನ್ನೆರಡು ಬಂದಿದೆ ರೀ. ನಾನು ಬರೆದ ಪ್ರಶ್ನೆ ಅಲ್ಲ, ಅಸಲಿ ಪೇಪರಲ್ಲಿ!"

ಕಂಡಕ್ಟರು ಮಗಳ ಮುಖ ನೋಡಿದರು, ಆಮೇಲೆ ನನ್ನ ಮುಖ. "ನೀವು ಓದಿದವರು ಹೇಳ್ತೀರಿ ಅಂದ್ರ ಆತ್ರಿ" ಎಂದರು. ಮುಂದಿನ ಬುಧವಾರ ಡ್ಯೂಟಿಗೆ ರಜೆ ಹಾಕಿ ಕಾಲೇಜಿಗೆ ಹೋಗಿ ಟಿಸಿ ತರುವುದೆಂದು ತೀರ್ಮಾನವಾಯಿತು.

ಆ ಬುಧವಾರಕ್ಕೆ ಮೂರು ದಿನ ಮೊದಲು, ಭಾನುವಾರ, ಇನ್ನೊಂದು ಟೆಸ್ಟ್ ಆಯಿತು. ಅವಳಿಗೆ ಆರುನೂರ ಮೂವತ್ತು. ಮಕ್ಕಳು ಹೋದ ಮೇಲೆ ಪ್ರಶ್ನೆಪತ್ರಿಕೆಗಳನ್ನು ರದ್ದಿಗೆ ಹಾಕಲು ಜೋಡಿಸುತ್ತಿದ್ದೆ. ಪತ್ರಿಕೆಯ ಪ್ರತಿ ಪುಟದ ಕೆಳಗೂ ರಫ್ ವರ್ಕ್‌ಗೆ ಜಾಗ ಬಿಟ್ಟಿರುತ್ತಾರೆ. ಉಳಿದ ಮಕ್ಕಳ ಪುಟಗಳಲ್ಲಿ ಅಲ್ಲಿ ಕಾಗೆ ಕಾಲು ಗುಬ್ಬಿ ಕಾಲು, ಗೀಚು, ಹೊಡೆದುಹಾಕಿದ್ದು. ಹುಡುಗಿಯ ಪತ್ರಿಕೆಯಲ್ಲಿ ಫಿಸಿಕ್ಸ್‌ನ ನಲವತ್ತೈದು ಪ್ರಶ್ನೆಗಳಿಗೆ ಐದಾರು ಕಡೆ ಮಾತ್ರ ಲೆಕ್ಕ ಮಾಡಿದ ಗುರುತು ಇತ್ತು. ಮಿಕ್ಕ ಜಾಗ ಬೆಳ್ಳಗಿತ್ತು.

ಲೆಕ್ಕ ಮಾಡದೆ ಉತ್ತರ ಹೇಗೆ ಬಂತು? ಈ ಪ್ರಶ್ನೆ ನನಗೆ ಆಗಲೇ ಎದ್ದಿತು. ಎದ್ದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪುಟ ತಿರುವಿ ತಿರುವಿ ನೋಡಿದೆ. ಆಮೇಲೆ, "ಮನಸ್ಸಲ್ಲೇ ಲೆಕ್ಕ ಹಾಕೋಷ್ಟು ಚುರುಕಾಗಿದಾಳೆ" ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕಟ್ಟು ಕಟ್ಟಿ ಮೂಲೆಗಿಟ್ಟೆ. ಸೋಮವಾರ ಕೇಳಬಹುದಿತ್ತು, ಮಂಗಳವಾರವೂ ಕೇಳಬಹುದಿತ್ತು. ಕೇಳಲಿಲ್ಲ. ಗ್ಯಾರಂಟಿ ಎಂದು ಹೇಳಿಯಾಗಿತ್ತಲ್ಲ, ಆ ಮಾತನ್ನು ನುಂಗಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ಬುಧವಾರ ಟಿಸಿ ಬಂತು.

ಗುಟ್ಟು ರಟ್ಟಾದದ್ದು ಮಾರ್ಚ್ ಮೊದಲ ವಾರ, ಒಂದು ತಂತಿಯ ಪ್ರಶ್ನೆಯಲ್ಲಿ. ತಂತಿಯನ್ನು ಎಳೆದು ಎರಡರಷ್ಟು ಉದ್ದ ಮಾಡಿದರೆ ಅದರ ವಿದ್ಯುತ್ ರೋಧ ನಾಲ್ಕು ಪಟ್ಟಾಗುತ್ತದೆ. ಇದು ಹಳೆಯ ಪತ್ರಿಕೆಗಳಲ್ಲಿ ಬಂದು ಬಂದು ಸವೆದ ಪ್ರಶ್ನೆ. ಬೆಳಗ್ಗೆ ಪಾಠದ ಮಧ್ಯೆ ಸುಮ್ಮನೆ ತಿರುಗಿಸಿ ಕೇಳಿದೆ: "ಒಂದು ತಂತಿ ಇದೆ. ಅದನ್ನ ನಡುವೆ ಮಡಚಿ, ಎರಡೆಳೆ ಸೇರಿಸಿ ಒಂದೇ ತಂತಿ ಥರ ಬಳಸಿದ್ರೆ..."

"ನಾಲ್ಕು ಪಟ್ಟ್ರಿ" ಎಂದಳು. ನನ್ನ ಮಾತು ಇನ್ನೂ ಮುಗಿದಿರಲಿಲ್ಲ.

"ಮಡಚಿದೆ ಕಣೇ, ಎಳೀಲಿಲ್ಲ. ಉದ್ದ ಅರ್ಧ ಆಯ್ತು, ಕ್ರಾಸ್‌ಸೆಕ್ಷನ್ ಏರಿಯಾ ಎರಡರಷ್ಟಾಯ್ತು. ಈಗ ಹೇಳು."

ಪೆನ್ನು ಹಿಡಿದಳು, ಏನೂ ಬರೆಯಲಿಲ್ಲ. ಕಾಲು ಭಾಗ ಎಂಬ ಉತ್ತರ ಹತ್ತು ನಿಮಿಷವಾದರೂ ಬರಲಿಲ್ಲ. ಪಕ್ಕದಲ್ಲಿದ್ದ, ಮುನ್ನೂರೈವತ್ತರ ಮೇಲೆ ಏಳದ ಹುಡುಗ ಹೇಳಿದ. ನಾನು ಇನ್ನೂ ಹತ್ತು ಹಳೆಯ ಪ್ರಶ್ನೆಗಳನ್ನು ಒಂದೊಂದು ಅಂಕಿ, ಒಂದೊಂದು ಷರತ್ತು ಬದಲಿಸಿ ಬೋರ್ಡಿನ ಮೇಲೆ ಬರೆದೆ. ಎರಡು ಸರಿಯಾಯಿತು. ಬದಲಿಸದೆ ಮೂಲದಲ್ಲಿದ್ದಂತೆ ಕೇಳಿದರೆ ಹತ್ತಕ್ಕೆ ಹತ್ತೂ ಸರಿ.

"ಹೆಂಗೆ ಗೊತ್ತಾಯ್ತು ಇದು?" ಎಂದೆ ಒಂದಕ್ಕೆ.

"ಅದು ಕೆಂಪ ಬುಕ್ಕಿನ್ಯಾಗ ಎಡಗಡೆ ಪುಟದಾಗ ಐತ್ರಿ ಮೇಡಂ. ಮೂರನೇ ಆಪ್ಷನ್."

ಆ ಕೆಂಪು ಪುಸ್ತಕವನ್ನು ಜುಲೈ ತಿಂಗಳಿನಲ್ಲಿ ಕೊಟ್ಟಿದ್ದು ನಾನೇ. ಹಳೆಯ ವರ್ಷಗಳ ಅಸಲಿ ಪ್ರಶ್ನೆಗಳನ್ನು ಪಾಠವಾರು ವಿಂಗಡಿಸಿ, ಉತ್ತರ ವಿವರಣೆ ಸಮೇತ ಅಚ್ಚು ಹಾಕಿದ ಗೈಡು. ಹೋಂವರ್ಕ್ ಅದರಿಂದಲೇ ಆಗಿತ್ತು. ಟೆಸ್ಟಿಗೆ ಇಡುತ್ತಿದ್ದ ಪತ್ರಿಕೆಗಳೂ ಅದೇ ವರ್ಷಗಳವು! ಪುಸ್ತಕದಲ್ಲಿ ಪಾಠವಾರು ಚೆಲ್ಲಿದ್ದ ಪ್ರಶ್ನೆಗಳೇ ಪತ್ರಿಕೆಯಲ್ಲಿ ವರ್ಷವಾರು ಕೂತಿದ್ದವು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಉಳಿದ ಹತ್ತು ಜನ ಸೋಮಾರಿಗಳು, ಹೋಂವರ್ಕ್ ಅರ್ಧವೂ ಮಾಡಿರಲಿಲ್ಲ, ಹಾಗಾಗಿ ಅವರ ಅಂಕ ನಿಜದ್ದಾಗಿತ್ತು. ಇವಳೊಬ್ಬಳು ನನ್ನ ಮಾತು ಕೇಳಿ ಇಡೀ ಪುಸ್ತಕವನ್ನು ಎರಡು ಸಲ ಮುಗಿಸಿದ್ದಳು. ನೋಡಿ ನೋಡಿ ಬಾಯಿಪಾಠವಾಗಿತ್ತು. ಮೋಸ ಮಾಡಿದವಳಲ್ಲ ಅವಳು, ಉತ್ತರ ತನಗೆ ಗೊತ್ತಿದೆ ಎಂದೇ ತಿಳಿದಿದ್ದಳು.

ಹಾಗಾದರೆ ಅವಳ ನಿಜವಾದ ಅಂಕ ಎಷ್ಟು? ಅದನ್ನು ಅಳೆಯಲು ಅವಳು ನೋಡಿರದ ಅಸಲಿ ಪತ್ರಿಕೆ ಬೇಕು. ಹಿಂದಿನ ವರ್ಷದ್ದನ್ನು ಪರೀಕ್ಷೆಯಲ್ಲೇ ಬರೆದಿದ್ದಳು. ಅದಕ್ಕೂ ಹಿಂದಿನವೆಲ್ಲ ಕೆಂಪು ಪುಸ್ತಕದಲ್ಲಿದ್ದವು. ಎರಡು ದಿನ ವೆಬ್‌ಸೈಟು ಜಾಲಾಡಿದೆ. ಒಂದು ವರ್ಷ ಬೇರೆ ಕಡೆಯ ಕೆಲವರಿಗೆ ಮಾತ್ರ ಎರಡನೇ ಸಲ ಪರೀಕ್ಷೆ ನಡೆಸಿದ್ದರು, ಆ ಪತ್ರಿಕೆ ಸಿಕ್ಕಿತು. ಗೈಡಿನವರು ಅದನ್ನು ಸೇರಿಸಿರಲಿಲ್ಲ. ಪ್ರಿಂಟ್ ತೆಗೆಸಿ ಕೈಯಲ್ಲಿ ಹಿಡಿದುಕೊಂಡಾಗ ಒಂದು ಯೋಚನೆ ಬಂತು, ನಾಚಿಕೆಗೇಡಿನ ಯೋಚನೆ. ಇದನ್ನು ಕೊಡುವುದೇ ಬೇಡ, ಧೈರ್ಯದಲ್ಲಿ ಇದ್ದಾಳೆ, ಹಾಗೇ ಹೋಗಿ ಬರೆಯಲಿ, ಕಡಿಮೆ ಬಂದರೆ ಪರೀಕ್ಷೆಯ ಭಯ ಅಂದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಒಂದು ಇಡೀ ಬೆಳಗ್ಗೆ ಆ ಪತ್ರಿಕೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಮೊದಲೊಂದು ಸಲ ಬಾಯಿ ಮುಚ್ಚಿಕೊಂಡು ಕೂತದ್ದರ ಫಲ ಕಣ್ಣೆದುರಿಗೇ ಇತ್ತು. ಭಾನುವಾರ ಎರಡು ಗಂಟೆಗೆ ಅದನ್ನು ಅವಳ ಮುಂದಿಟ್ಟೆ.

ಈ ಸಲ ರಫ್ ವರ್ಕ್ ಜಾಗ ತುಂಬಿತು. ಐದು ಗಂಟೆಗೆ ಹಾಳೆ ಕಸಿದುಕೊಂಡಾಗ ಇನ್ನೂ ಬರೆಯುತ್ತಿದ್ದಳು. ತೂತಿನ ರಟ್ಟು ಇಟ್ಟು ಎಣಿಸಿದೆ, ತಪ್ಪುಗಳಿಗೆ ಒಂದೊಂದು ಅಂಕ ಕಳೆದೆ. ಮುನ್ನೂರ ಮೂವತ್ತೊಂದು.

ಅದೇ ಸಂಜೆ ಮೂಡಲಪಾಳ್ಯದ ಅವರ ಮನೆಗೆ ಸ್ಕೂಟರಿನಲ್ಲಿ ಹೋದೆ. ಅವಳ ತಾಯಿ ಕೊಟ್ಟ ಅವಲಕ್ಕಿಯನ್ನು ಪಕ್ಕಕ್ಕಿಟ್ಟೆ. ಎಲ್ಲ ಹೇಳಿದೆ. ಪುಸ್ತಕದ ವಿಷಯ, ಪತ್ರಿಕೆಯ ವಿಷಯ, ಮುನ್ನೂರ ಮೂವತ್ತೊಂದು. ಟಿಸಿಗೆ ಮೂರು ದಿನ ಮೊದಲೇ ಖಾಲಿ ಪುಟ ನೋಡಿದ್ದೆ ಎಂಬುದನ್ನೂ ಹೇಳಿದೆ. ಹುಡುಗಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಅವಳ ತಂದೆ ರೇಗುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ಸ್ವಲ್ಪ ಅತ್ತು ಹಗುರಾಗುತ್ತಿದ್ದೆ.

"ಮೂರು ದಿನ ಇತ್ತಲ್ರಿ ಮೇಡಂ. ಒಂದ ಫೋನ್ ಮಾಡಬೇಕಿತ್ರಿ" ಎಂದರು, ಅಷ್ಟೇ.

ಮಾರನೆಯ ದಿನ ಅವರು ಕಾಲೇಜಿಗೆ ಫೋನ್ ಮಾಡಿ ಕೇಳಿದರು. ಹೆಸರು ತೆಗೆದಾಗಿದೆ, ಮತ್ತೆ ಸೇರಿಸಲು ಬರುವುದಿಲ್ಲ ಎಂದು ಆಫೀಸಿನವರು ಹೇಳಿದರಂತೆ. ಹುಡುಗಿ ನಾಲ್ಕು ದಿನ ಪಾಠಕ್ಕೆ ಬರಲಿಲ್ಲ. ಐದನೆಯ ದಿನ ಆರು ಗಂಟೆಗೆ ಸರಿಯಾಗಿ ಬಂದು ಕೂತಳು. ಕಣ್ಣು ಊದಿತ್ತು. "ಏನ್ ಮಾಡೋಣ ಹೇಳ್ರಿ" ಎಂದಳು.

ಎಂಟು ವಾರ ಉಳಿದಿತ್ತು. ಇಡೀ ಪತ್ರಿಕೆ ಬರೆಸುವುದನ್ನು ನಿಲ್ಲಿಸಿದೆ. ಅವಳು ಬರೆದ ಆ ಒಂದೇ ಹೊಸ ಪತ್ರಿಕೆಯ ನೂರ ಎಂಬತ್ತು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಮೂರು ಗುಡ್ಡೆ ಮಾಡಿದೆವು. ನಿಜವಾಗಿ ಬಂದದ್ದು, ಗೊತ್ತಿದ್ದೂ ಎಡವಿದ್ದು, ಕಣ್ಣು ಮುಚ್ಚಿ ಹೊಡೆದದ್ದು. ಮೂರನೆಯ ಗುಡ್ಡೆಯೇ ದೊಡ್ಡದು. ಆಮೇಲೆ ಕೆಂಪು ಪುಸ್ತಕವನ್ನೇ ಮತ್ತೆ ತೆಗೆದೆವು, ಬೇರೆ ರೀತಿಯಲ್ಲಿ. ಉತ್ತರ ಯಾಕೆ ಸರಿ ಎಂದಷ್ಟೇ ಅಲ್ಲ, ಉಳಿದ ಮೂರೂ ಯಾಕೆ ತಪ್ಪು ಎಂದು ಬರೆಯಬೇಕು. ಬರೆದಾದ ಮೇಲೆ ಆ ಪ್ರಶ್ನೆಯಲ್ಲಿ ಒಂದು ಷರತ್ತು ಬದಲಿಸಿ ಅವಳೇ ಹೊಸ ಪ್ರಶ್ನೆ ಮಾಡಬೇಕು, ನಾನು ಬಿಡಿಸಬೇಕು. ಮೊದಲು ದಿನಕ್ಕೆ ಅರವತ್ತು ಪ್ರಶ್ನೆ ಓಡಿಸುತ್ತಿದ್ದವಳಿಗೆ ಈಗ ಒಂಬತ್ತು ಮುಗಿಯುತ್ತಿರಲಿಲ್ಲ. ಒಂದೆರಡು ಸಲ ಅವಳ ಪ್ರಶ್ನೆಗೆ ನಾನೇ ಎಡವಿದೆ. "ತಪ್ಪ್ರಿ ಮೇಡಂ" ಎಂದು ಅವಳು ನಕ್ಕಾಗ ನನಗೆ ಎಷ್ಟೋ ಸಮಾಧಾನವಾಗಿತ್ತು.

ಆದರೆ ನಾನು ಎಣಿಸದ ಇನ್ನೊಂದು ಕೆಡುಕು ಒಳಗೊಳಗೇ ಬೆಳೆದಿತ್ತು. ಏಪ್ರಿಲ್‌ನಲ್ಲಿ ಜಂಬ ಬಿಟ್ಟು ಒಂದು ಕೋಚಿಂಗ್‌ನವರ ಟೆಸ್ಟ್ ತರಿಸಿ ಬರೆಸಿದೆ. ಐವತ್ತೆಂಟು ಪ್ರಶ್ನೆ ಖಾಲಿ ಬಿಟ್ಟಿದ್ದಳು.

"ಇದು ಗೊತ್ತಿತ್ತಲ್ಲೇ ನಿಂಗೆ? ನಿನ್ನೆ ತಾನೇ ನಂಗೇ ಪಾಠ ಹೇಳ್ದೆ!"

"ಗೊತ್ತಿತ್ರಿ. ಆದ್ರ ಇದು ಖರೇನ ಗೊತ್ತೈತೋ, ಎಲ್ಲೆರ ನೋಡಿದ್ದ ನೆನಪೋ ತಿಳೀಲಿಲ್ರಿ. ಅದಕ್ಕ ಬಿಟ್ನಿ."

ಸುಳ್ಳು ನಂಬಿಕೆಯನ್ನು ಕಿತ್ತುಹಾಕುವ ಭರದಲ್ಲಿ ನಿಜವಾದದ್ದನ್ನೂ ಕಿತ್ತಿದ್ದೆ. ಆಮೇಲಿನ ಮೂರು ವಾರ ಪಾಠಕ್ಕಿಂತ ಹೆಚ್ಚಾಗಿ, "ನಿಂಗೆ ಬರುತ್ತೆ, ತುಂಬು ವೃತ್ತಾನ" ಎಂದು ಹೇಳುವುದೇ ನನ್ನ ಕೆಲಸವಾಯಿತು. ಆದರೆ ನನ್ನ ಮಾತಿಗೆ ಅವಳ ಹತ್ತಿರ ಬೆಲೆ ಎಲ್ಲಿ ಉಳಿದಿತ್ತು? ತಲೆಯಾಡಿಸುತ್ತಿದ್ದಳು, ಪೆನ್ನು ಮಾತ್ರ ವೃತ್ತದ ಮೇಲೇ ನಿಂತಿರುತ್ತಿತ್ತು.

ಮೇ ತಿಂಗಳಿನಲ್ಲಿ ಪರೀಕ್ಷೆ ಬರೆದಳು. ಹೊರಗೆ ಬಂದವಳನ್ನು ನಾನು ಏನೂ ಕೇಳಲಿಲ್ಲ. "ನಲವತ್ತ ಬಿಟ್ಟೀನ್ರಿ" ಎಂದು ಅವಳೇ ಹೇಳಿದಳು. ಜೂನ್‌ನಲ್ಲಿ ಫಲಿತಾಂಶ ಬಂತು, ಮುನ್ನೂರ ಎಪ್ಪತ್ತೆರಡು. ಹೋದ ವರ್ಷಕ್ಕಿಂತ ಅರವತ್ತೆಂಟು ಹೆಚ್ಚು. ಎಂಟು ವಾರದ ನಿಜವಾದ ದುಡಿಮೆಯ ಫಲ ಅದು. ಸರ್ಕಾರಿ ಮೆಡಿಕಲ್ ಸೀಟಿಗೆ ಮಾತ್ರ ಎಲ್ಲಿಗೂ ಸಾಲಲಿಲ್ಲ. ಜುಲೈನಲ್ಲಿ ಇಡೀ ಪುಸ್ತಕ ಬಾಯಿಪಾಠ ಮಾಡಿಸುವ ಬದಲು ಇದನ್ನೇ ಶುರು ಮಾಡಿದ್ದರೆ ಎಂದು ಯೋಚಿಸಿ ಯೋಚಿಸಿ ಹಣ್ಣಾದೆ.

ಫೋನಿನಲ್ಲಿ ಇಲ್ಲ ಎಂದವರು ಎದುರಿಗೆ ಹೋಗಿ ಕೇಳಿದರೆ ಕರಗಬಹುದು ಎಂಬ ಆಸೆಯಿಂದ ಹುಡುಗಿಯನ್ನು ಕರೆದುಕೊಂಡು ನರ್ಸಿಂಗ್ ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯರೇ. ಅವಳ ಹಳೆಯ ಫೈಲು ತರಿಸಿ ನೋಡಿದರು. ಜವಾನನೂ ಗುಮಾಸ್ತೆಯೂ ಅಲ್ಲೇ ನಿಂತಿದ್ದರು.

"ಇಂಟರ್ನಲ್ಸ್‌ನಲ್ಲಿ ಚೆನ್ನಾಗೇ ತೆಗೆದಿದ್ಯಲ್ಲಮ್ಮ. ಯಾಕಮ್ಮ ಬಿಟ್ಟೆ?"

"ಡಾಕ್ಟರ್ ಆಗ್ಬೇಕಂತ ಆಸೆ ಆತ್ರಿ ಸರ್. ನಾನ ಬಿಟ್ಟೆ" ಎಂದಳು ಹುಡುಗಿ, ತಲೆ ಎತ್ತಿಯೇ.

ನನಗೆ ತಡೆಯಲಾಗಲಿಲ್ಲ. "ಇಲ್ಲ ಸಾರ್. ಇವಳು ಬೇಡ ಬೇಡ ಅಂತಾನೇ ಇದ್ಲು. ಬಿಡಿಸಿದ್ದು ನಾನು. ತಪ್ಪು ಅಂಕ ನೋಡಿ, ಗ್ಯಾರಂಟಿ ಅಂತ ಹೇಳಿ ನಾನೇ ಬಿಡಿಸ್ದೆ" ಎಂದೆ. ಗುಮಾಸ್ತೆ ಹುಡುಗಿಯನ್ನು ಒಂದು ಥರ ನೋಡಿದಳು, ತುಟಿಯಲ್ಲಿ ಅಯ್ಯೋ ಪಾಪ ಎಂಬಂತೆ ಸದ್ದು ಮಾಡಿದಳು.

ಪ್ರಿನ್ಸಿಪಾಲರು ಫೈಲು ಮುಚ್ಚಿದರು. "ಬಿಡಿಸಿದ್ದು ಯಾರಾದ್ರೂ, ಯೂನಿವರ್ಸಿಟಿಯಲ್ಲಿ ಹೆಸರು ರದ್ದಾಗಿದೆ ಮೇಡಂ. ಈ ವರ್ಷದ ಕೌನ್ಸೆಲಿಂಗ್‌ನಲ್ಲಿ ಮತ್ತೆ ಬರಲಿ. ಮೊದಲನೇ ವರ್ಷದಿಂದ" ಎಂದರು.

ಹೊರಗೆ ಬಸ್ ಸ್ಟಾಪಿನವರೆಗೆ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ನಾನೇ, "ಇದೇ ಕಾಲೇಜು ಮತ್ತೆ ಸಿಗುತ್ತೆ ಕಣೇ, ನಿನ್ನ ರ್‍ಯಾಂಕಿಗೆ" ಎಂದೆ.

"ಅಲ್ಲಿ ಯಾಕ ಹಂಗಂದ್ರಿ?"

"ಇದ್ದಿದ್ದನ್ನ ಹೇಳ್ದೆ. ತಪ್ಪು ನಂದಲ್ವಾ?"

"ನಿಮಗ ಹಗುರ ಆತ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ನಾ ಮತ್ತ ಅವರ ಮುಂದ ಹೋಗಿ ಕುಂದ್ರಬೇಕು. ನನ್ನ ಗೆಳತ್ಯಾರು ಸೀನಿಯರ್ ಆಗಿರ್ತಾರ. ಆಸೆಪಟ್ಟು ಸೀಟು ಬಿಟ್ಲು, ಸಿಗಲಿಲ್ಲ, ಹೊಳ್ಳಿ ಬಂದ್ಲು ಅಂತಿದ್ರ ಅಷ್ಟಾದ್ರೂ ಮರ್ಯಾದಿ ಇರ್ತಿತ್ರಿ. ಈಗ ಯಾರೋ ಹೇಳಿದ್ದ ಕೇಳಿ ಬಿಟ್ಟು ಬಂದ ದಡ್ಡಿ ಆದ್ನಿ. ಅದೊಂದಾದ್ರೂ ನನ್ನ ಕೈಯಾಗ ಬಿಡಬೇಕಿತ್ರಿ ಮೇಡಂ."

ವಿಜಯನಗರದ ಬಸ್ಸು ಬಂತು. ನಾನು ಹೋಗಬೇಕಾದದ್ದೂ ಅದರಲ್ಲೇ. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು, ತನ್ನ ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡಳು. ನಾನು ಹತ್ತಲಿಲ್ಲ.